ನಾಕರ ಮಗ್ಗುಲ ಒಡಕು

ನಮ್ಮ ಮನೆಯಲ್ಲಿ ಗಡಿಯಾರ ಒಂದಿತ್ತು, ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ. ಎಲ್ಲರೂ ಆಯಿಯನ್ನು ಕೇಳುತ್ತಿದ್ದರು. ಆಯಿ ಎಂದರೆ ಅಪ್ಪನ ತಾಯಿ. ಪುಣೆಯಲ್ಲಿ ಹೆತ್ತ ತಾಯಿಗೇ ಆಯಿ ಅನ್ನುವುದರಿಂದ ನನಗೆ ಇಬ್ಬರು ತಾಯಂದಿರು ಎಂಬ ಗುಮಾನಿ ಶಾಲೆಯ ಗೆಳತಿಯರಿಗೆ ಬಹಳ ದಿನ ಇತ್ತು. ಶನಿವಾರ ಪೇಠೆಯ ಒಂದು ವಾಡೆಯ ಹಿಂಭಾಗದಲ್ಲಿ ಮೂರು ಕೋಣೆ ಹಿಡಿದು ನಾವು ನಾಲ್ವರು ಇದ್ದೆವು: ಅಪ್ಪ, ಅವ್ವ, ಆಯಿ, ನಾನು. ನಡುಮನೆಗೂ ಅಡಿಗೆಮನೆಗೂ ಮಧ್ಯದ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಒಂದು ಮೆತ್ತನೆಯ ಬಟ್ಟೆ, ಬಟ್ಟೆಯ ಮೇಲೆ ಗಡಿಯಾರ. ಅದು ಧಾರವಾಡದ ಕಡೆ ಶಾಲಾ ಮಾಸ್ತರರಾಗಿದ್ದ ಅಜ್ಜನ ಕಿಸೆಯ ಗಡಿಯಾರ. ಬೆಳ್ಳಿಯ ಕವಚ, ಹನ್ನೆರಡರ ನೆತ್ತಿಗೆ ಸರಪಳಿ ಸಿಕ್ಕಿಸುವ ಬಳೆ, ಮುಂದೆ ಬಿಜಾಗರಿಯ ಮೇಲೆ ತೆರೆಯುವ ಕಾಜಿನ, ಅಂದರೆ ಗಾಜಿನ, ಮುಚ್ಚಳ, ಪಿಂಗಾಣಿಯ ಬಿಳಿ ಮುಖ. ನಾಲ್ಕರ ಅಂಕೆಯ ಮಗ್ಗುಲಿಗೆ ತೊಗರಿಬೇಳೆಯಷ್ಟು ಪಿಂಗಾಣಿ ಎದ್ದುಹೋಗಿ ಗುಣಿ ಬಿದ್ದಿತ್ತು. ಮುಳ್ಳುಗಳು ನೀಲಿ ಉಕ್ಕಿನವು. ಸಣ್ಣ ಮುಳ್ಳಿನ ತುದಿ ವೀಳ್ಯದೆಲೆಯ ಆಕಾರಕ್ಕಿತ್ತು, ದೊಡ್ಡದು ಸೂಜಿಯಂತಿದ್ದರೂ ಸ್ವಲ್ಪ ಸೊಟ್ಟಗಿತ್ತು.

ಆಯಿ ಬೆಳಿಗ್ಗೆ ಸ್ನಾನ ಮಾಡಿ ಕೆಂಪು ಮಡಿ ಸೀರೆ ಉಟ್ಟ ಮೇಲೆ ಊಟ ಮುಗಿಯುವವರೆಗೆ ನಾವು ಯಾರೂ ಆಕೆಯನ್ನು ಮುಟ್ಟುವಂತಿರಲಿಲ್ಲ. ಆದರೆ ಗಡಿಯಾರವನ್ನು ಆಕೆ ಮಡಿಯಲ್ಲಿಯೇ ಎತ್ತಿಕೊಳ್ಳುತ್ತಿದ್ದಳು. ಬೆಳ್ಳಿಗೆ ಮೈಲಿಗೆಯಿಲ್ಲ ಎಂಬುದು ಆಕೆಯೇ ಕೊಟ್ಟ ತೀರ್ಪು. ಅವ್ವ ಇದನ್ನು ಸುಮ್ಮನೆ ಒಪ್ಪಿದವಳಲ್ಲ.

"ಬೆಳ್ಳಿಗಿಲ್ಲ, ಖರೆ. ಒಳಗ ಉಕ್ಕು ಅದಲ್ಲ, ಅದಕ್ಕ?"

"ಉಕ್ಕು ಒಳಗ ಕೂತದವಾ. ಹೊರಗ ಬಂದ ದಿವಸ ನೋಡೂಣಂತ."

ವೇಳೆ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಆಯಿ ಜೋಳದ ಭಕ್ರಿ ತಟ್ಟುವುದನ್ನು ನಿಲ್ಲಿಸಿ, ಎದ್ದು ಬಂದು, ಗೋಡೆಯ ಕಡೆ ಮುಖ ಮಾಡಿ ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡು, ಕಾಜಿನ ಮುಚ್ಚಳ ತೆಗೆದು ಸೆರಗಿನ ತುದಿಯಿಂದ ಒಳಗೆ ಒರೆಸುತ್ತಿದ್ದಳು. ಒರೆಸಿ ಮುಗಿಯುವಷ್ಟರಲ್ಲಿ "ಒಂಬತ್ತಕ್ಕ ಹತ್ತು ಕಮ್ಮಿ" ಎಂದು ಹೇಳಿ ಆಗಿರುತ್ತಿತ್ತು. ಇಷ್ಟು ಸ್ವಚ್ಛ ಮಾಡುವ ಗಡಿಯಾರ ಪುಣೆಯಲ್ಲಿ ಇನ್ನೊಂದಿಲ್ಲ ಎಂದು ಅಪ್ಪ ನಗುತ್ತಿದ್ದರು.

ನನಗೆ ಆಗ ಹನ್ನೊಂದು ವರ್ಷ. ಆಫೀಸಿನಲ್ಲಿ ಕಾರಕೂನರಾಗಿದ್ದ ಅಪ್ಪ ಬರೆಯದೆ ಉಳಿದ ಒಂದು ಉದ್ದನೆಯ ವಹಿಯನ್ನು ತಂದುಕೊಟ್ಟಿದ್ದರು. ಅದರಲ್ಲಿ ದಿನಕ್ಕೊಂದು ಪುಟ. ಮೇಲೆ ವಾರ, ತಿಥಿ. ಕೆಳಗೆ ಹಾಲಿನವ ಬಂದ ವೇಳೆ, ನಳ ಬಂದ ವೇಳೆ, ನಿಂತ ವೇಳೆ, ಯಾರು ಎಷ್ಟು ಭಕ್ರಿ ತಿಂದರು, ಏನು ಒಡೆಯಿತು, ಏನು ಉಕ್ಕಿತು, ಯಾರಿಗೆ ಕೈ ಸುಟ್ಟಿತು. ಅದೂ ಆಮೇಲಿನ ವಹಿಗಳೂ ಈಗಲೂ ನನ್ನ ಹತ್ತಿರ ಇವೆ. ಅವನ್ನು ಬಿಚ್ಚಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವುಗಳಲ್ಲಿ ಇರುವ ವೇಳೆಯೆಲ್ಲ ಆಯಿ ಹೇಳಿದ ವೇಳೆ.

ಶ್ರಾವಣದ ಎರಡನೆಯ ಸೋಮವಾರ ಗಡಿಯಾರ ನಿಂತಿತು. ಆಯಿ ಅದನ್ನು ಕಿವಿಗೆ ಹಿಡಿದಳು, ಅಲುಗಿಸಿದಳು, ಪುಟ್ಟ ಕೀಲಿಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದಳು. ಅದು ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತಿತು. ಆ ವಾರವಿಡೀ ಮನೆ ಹಳಿ ತಪ್ಪಿತು. ಅಪ್ಪ ಎರಡು ದಿನ ಆಫೀಸಿಗೆ ತಡವಾಗಿ ಹೋದರು. ನನ್ನ ವಹಿಯಲ್ಲಿ ವೇಳೆಯ ಜಾಗವೆಲ್ಲ ಖಾಲಿ. ಆದರೆ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವಳು ಆಯಿ. ಹಾಗೆ ನೋಡಿದರೆ ವಾಡೆಯ ಮುಂದಿನ ಬಿಡಾರದಲ್ಲಿ ಗೋಡೆಯ ಗಡಿಯಾರವಿತ್ತು, ನನ್ನನ್ನು ಓಡಿಸಿದರೆ ತಿಳಿಯುತ್ತಿತ್ತು. ಆಯಿ ಒಮ್ಮೆಯೂ ಓಡಿಸಲಿಲ್ಲ.

ರವಿವಾರ ಅಪ್ಪ ಗಡಿಯಾರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬುಧವಾರ ಪೇಠೆಗೆ ಹೊರಟರು. ಆಯಿ ನನ್ನನ್ನು ಬಾಗಿಲಲ್ಲಿ ತಡೆದು ಹೇಳಿದಳು:

"ಗೋದೂ, ನಿನ್ನ ವಹಿ ತಗೊಂಡ ಹೋಗು. ಅವ ಬಿಚ್ಚೂ ಮುಂದ ಒಂದೊಂದ ಬರಕೋ. ಏನೇನು ಹೊರಗ ಬಂತೋ ಅದನ್ನೇ ಒಳಗ ಹಾಕಬೇಕು. ಬ್ಯಾರೇದು ಹಾಕಬಾರದು."

ದುರಸ್ತಿಯವರನ್ನು ಎಲ್ಲರೂ ನಾನಾ ಎನ್ನುತ್ತಿದ್ದರು. ಅಂಗಡಿ ಕಪಾಟಿನಷ್ಟು ಇಕ್ಕಟ್ಟು. ಒಳಗೆ ಒಬ್ಬರೇ ಕೂರಬಹುದು. ನಾವು ಕಟ್ಟೆಯ ಮೇಲೆ ನಿಂತೆವು. ನಾನಾ ಗಡಿಯಾರದ ಮುಖ ನೋಡಿದ್ದೇ ತಡ, ಮುಖ ಒಡೆದಿದೆ, ಮುಳ್ಳು ಸೊಟ್ಟಗಾಗಿದೆ, ಎರಡಕ್ಕೂ ಮುಂಬಯಿಯಿಂದ ಹೊಸವು ಬಂದಿವೆ ಎಂದು ಮರಾಠಿಯಲ್ಲಿ ಹೇಳಿದರು. ತೆರೆಯುವ ಮುಚ್ಚಳದಿಂದ ಕಸ ಒಳಗೆ ಹೋಗುತ್ತದೆ, ಆದ್ದರಿಂದ ಅದನ್ನು ತೆಗೆದು ಒತ್ತಿ ಕೂರಿಸುವ ಕಾಜು ಹಾಕಿದರೆ ಮತ್ತೆ ಚಿಂತೆಯಿಲ್ಲ, ಯಾರೂ ತೆರೆಯುವ ಹಾಗೇ ಇಲ್ಲ ಎಂದರು. ಅಪ್ಪನಿಗೆ ಇದು ಬಹಳ ಹಿಡಿಸಿತು. ಎಲ್ಲಾ ಹೊಸದು ಹಾಕಿಬಿಡಿ ಎಂದು ಹೇಳಿ, ಬದನೆಕಾಯಿ ಕೊತ್ತಂಬರಿ ತರುತ್ತೇನೆಂದು ನನ್ನನ್ನು ಅಲ್ಲಿಯೇ ಬಿಟ್ಟು ಮಂಡಈಯ ತರಕಾರಿ ಪೇಟೆಗೆ ಹೋದರು.

ನಾನಾ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ನಾನು ಅಲ್ಲಿಯವರೆಗೆ ಗಡಿಯಾರದ ಒಳಗನ್ನು ಕಂಡಿರಲಿಲ್ಲ. ಹಿತ್ತಾಳೆಯ ಗಾಲಿಯ ಮೇಲೆ ಗಾಲಿ, ನಡುವೆ ದಾಳಿಂಬೆ ಬೀಜದ ಬಣ್ಣದ ಹರಳು, ಕೂದಲಿಗಿಂತ ತೆಳ್ಳಗಿನ ಒಂದು ಸುರುಳಿ. ಅವರು ಉಸಿರು ಹಿಡಿದು ಒಂದೊಂದನ್ನೇ ಚಿಮಟದಿಂದ ಎತ್ತಿ, ಬೋರಲು ಹಾಕಿದ ಬಿಳಿ ತಟ್ಟೆಯ ಮೇಲೆ ಸಾಲಾಗಿ ಇಟ್ಟು, ಅವುಗಳ ಮೇಲೆ ಒಂದು ಗಾಜಿನ ಬಟ್ಟಲು ಕವುಚುತ್ತಿದ್ದರು. ನಾನೂ ಉಸಿರು ಹಿಡಿದೇ ಬರೆದೆ. ದೊಡ್ಡ ಗಾಲಿ ಒಂದು. ನಡುಗಾಲಿ ಒಂದು. ತಿರುಪು, ತಿರುಪು, ಇನ್ನೊಂದು ತಿರುಪು. ಹೆಸರು ಗೊತ್ತಿಲ್ಲದ್ದಕ್ಕೆ ಚಿತ್ರ. ಮೂವತ್ತೊಂದಕ್ಕೆ ಬಂದಾಗ ನಾನಾ ನನ್ನನ್ನು ಹತ್ತಿರ ಕರೆದು ಭೂತಗನ್ನಡಿಯನ್ನು ನನ್ನ ಕಣ್ಣಿಗೆ ಹಿಡಿಸಿ ಬೆಳ್ಳಿ ಮುಚ್ಚಳದ ಒಳಮೈ ತೋರಿಸಿದರು. ಅಲ್ಲಿ ಸೂಜಿಮೊನೆಯಿಂದ ಗೀರಿದ ಏಳು ಗುರುತುಗಳಿದ್ದವು, ಏಳು ಬೇರೆ ಬೇರೆ ಕೈಬರಹದವು. ಗಡಿಯಾರವನ್ನು ಬಿಚ್ಚಿದ ಪ್ರತಿಯೊಬ್ಬನೂ ತಾನು ಬಿಚ್ಚಿದ ದಿನವನ್ನು ಯಾರಿಗೂ ಕಾಣದಲ್ಲಿ ಬರೆದಿಟ್ಟು ಮುಚ್ಚಿದ್ದ. ಏಳೂ ಜನರನ್ನು ನಾನು ಕಂಡವಳಲ್ಲ. ಆದರೂ ದಿನವನ್ನು ಬರೆದಿಡುವ ಚಟ ಲೋಕದಲ್ಲಿ ನನಗೊಬ್ಬಳಿಗೇ ಇಲ್ಲ ಎಂದು ತಿಳಿದು ನನ್ನ ಮೈ ಜುಮ್ಮೆಂದಿತು.

ಆಮೇಲೆ ನಾನಾ ಕುಂಚದಿಂದ ಮುಳ್ಳಿನ ಬುಡವನ್ನು ಮೆಲ್ಲಗೆ ಉಜ್ಜಿದರು. ಕಾಗದದ ಮೇಲೆ ಬೂದುಬಣ್ಣದ ಪುಡಿ ಉದುರಿತು. ಅದನ್ನು ಬೆರಳಿಗೆ ಹಚ್ಚಿ ತಿಕ್ಕಿ, ಮೂಸಿ, ತುದಿನಾಲಿಗೆಗೆ ತಾಗಿಸಿದರು.

"ಹೀ ಧೂಳ ನಾಹೀ, ಪೋರೀ. ಹೇ ಪೀಠ ಆಹೆ." ಇದು ಧೂಳಲ್ಲ, ಹಿಟ್ಟು.

ಜೋಳದ ಹಿಟ್ಟು. ಅದಕ್ಕೆ ಎಣ್ಣೆಯ ಪಸೆ ಬೇರೆ. ನಾನಾ ಮುಳ್ಳುಗಳನ್ನು ಕನ್ನಡಿಯ ಕೆಳಗೆ ಹೊರಳಿಸಿ ಹೊರಳಿಸಿ ನೋಡಿದರು. ತುದಿಗಳಲ್ಲಿ ನೀಲಿ ಸವೆದು ಬಿಳಿಯ ಉಕ್ಕು ಕಾಣುತ್ತಿತ್ತು. ಗುಣಿಯ ಅಂಚು ಒಡೆದ ಪಿಂಗಾಣಿಯ ಹಾಗೆ ಚೂಪಾಗಿರದೆ ಹೊಳೆಯ ಕಲ್ಲಿನ ಹಾಗೆ ನುಣುಪಾಗಿತ್ತು. ಕೊನೆಗೆ ಕಣ್ಣಿನಿಂದ ಭೂತಗನ್ನಡಿ ತೆಗೆದು ನನ್ನನ್ನು ನೋಡಿ ಕೇಳಿದರು: ನಿಮ್ಮ ಮನೆಯಲ್ಲಿ ಬೆರಳಿನಿಂದ ವೇಳೆ ನೋಡುವವರು ಯಾರು?

ಅವರು ಕೇಳಿದ ಕ್ಷಣದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತ ಕೆಂಪು ಸೀರೆಯ ಬೆನ್ನು ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅಪ್ಪ ಬದನೆಕಾಯಿಯ ಚೀಲ ಹಿಡಿದು ಬಂದರು. ಗಡಿಯಾರ ಮುಂದಿನ ಶನಿವಾರಕ್ಕೆ ಸಿಗುತ್ತದೆ ಎಂದು ನಾನಾ ಹೇಳಿದರು.

ಮನೆಯಲ್ಲಿ ಜಗಳವಾಯಿತು. ನಮ್ಮ ಮನೆಯ ಜಗಳಗಳು ಊಟದ ಎಲೆಯ ಮುಂದೆಯೇ ನಡೆಯುತ್ತಿದ್ದವು, ಏಕೆಂದರೆ ಎಲ್ಲರೂ ಒಟ್ಟಿಗಿರುತ್ತಿದ್ದುದು ಆಗ ಮಾತ್ರ. ಹೊಸ ಮುಖ, ಹೊಸ ಮುಳ್ಳು, ತೆರೆಯದ ಕಾಜು ಎಂದು ಅಪ್ಪ ಹೇಳಿ ಮುಗಿಸುವ ಮೊದಲೇ ಆಯಿ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಹಳೇದನ್ನೇ ಇಡಸು. ತೊಳದು ಕೊಡ ಅನ್ನು, ಸಾಕು."

"ಅವ್ವಾ, ಮುಖ ಒಡದದ. ಮುಳ್ಳು ಸೊಟ್ಟ ಆಗ್ಯದ. ನಾಳೆ ಯಾರರೆ ಮನಿಗೆ ಬಂದ್ರ ನಗತಾರ," ಎಂದರು ಅಪ್ಪ. ಅವರ ಬಾಯಲ್ಲಿ ಅವ್ವ ಎಂದರೆ ಆಯಿ.

"ನನ್ನ ಮುಖನೂ ಸುಕ್ಕ ಬಿದ್ದದ. ಅದನ್ನೂ ಬದಲಿ ಮಾಡಸ್ತೀ ಏನು?"

ಅವ್ವನಿಗೆ ನಗು ತಡೆಯಲಾಗಲಿಲ್ಲ. ಆದರೂ ಅಪ್ಪನ ಪಕ್ಷವನ್ನೇ ವಹಿಸಿದಳು.

"ಮಾವನವರ ನೆನಪು ಗಡಿಯಾರದಾಗ ಇರತದ್ರಿ, ಒಡಕಿನಾಗಲ್ಲ."

"ನೆನಪಿನ ಮಾತು ನಾ ಆಡೇ ಇಲ್ಲಲ್ಲವಾ," ಎಂದಳು ಆಯಿ. ಸೌಟು ಎತ್ತಿಕೊಂಡು ಅಪ್ಪನ ಅನ್ನದ ಮೇಲೆ ಸರಿಯಾಗಿ ನಡುವಿಗೆ ಸಾರು ಬಡಿಸಿದಳು. ನಾನು ಆ ಸೌಟನ್ನೇ ನೋಡುತ್ತಿದ್ದೆ. ಒಂದು ಹನಿಯೂ ಎಲೆಯ ಆಚೆ ಬೀಳಲಿಲ್ಲ.

ಆ ಮಧ್ಯಾಹ್ನ ಅವ್ವ ಅರಿಷಿಣ ಕುಂಕುಮಕ್ಕೆ ಮುಂದಿನ ಬಿಡಾರಕ್ಕೆ ಹೋದಳು. ಆಯಿ ಹಿತ್ತಲ ಬಾಗಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ನಾನು ಎದುರಿಗೆ ಹೋಗಿ ಮಾತಿಲ್ಲದೆ ನಿಂತೆ.

"ಯಾರದು, ಗೋದಿ ಏನು? ಬೆಳಕಿಗೆ ಅಡ್ಡ ನಿಂತೀಯಲ್ಲ."

"ಹೆಂಗ ಗೊತ್ತಾತು, ನಾನಂತ?"

"ಒಂದ ಕಾಲ ಕೆರಕೋತ ನಿಂದ್ರವರು ಈ ಮನ್ಯಾಗ ಇನ್ನ್ಯಾರು?"

"ಆಯಿ, ನಿನಗ ಕಣ್ಣು ಕಾಣಸೂದಿಲ್ಲ."

ಆಯಿಯ ಬೆರಳಲ್ಲಿ ಬತ್ತಿ ನಿಂತಿತು. ಆಕೆ ಹೇಳಿದಳು: ಬೆಳಕು ಕಾಣುತ್ತದೆ, ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಹೀಗಾಗಿ ಮೂರು ವರ್ಷ. ಆಕೆಯ ಅಕ್ಕ ಒಬ್ಬಳು ವಿಜಾಪುರದಲ್ಲಿದ್ದಳು. ಕಣ್ಣು ಹೋದವೆಂದು ತಿಳಿದ ದಿನವೇ ಮಕ್ಕಳು ಬಹಳ ಪ್ರೀತಿಯಿಂದ ಆಕೆಯನ್ನು ಎಬ್ಬಿಸಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿದ್ದರು. ಹೊತ್ತುಹೊತ್ತಿಗೆ ಊಟ, ಹೊತ್ತುಹೊತ್ತಿಗೆ ಹಾಸಿಗೆ. ಕೈಗೆ ಕೆಲಸವಿಲ್ಲ. ಎರಡು ವರ್ಷದಲ್ಲಿ ಆಕೆ ತನ್ನ ಹೆಸರನ್ನೇ ಮರೆತಳು.

"ಕಣ್ಣು ಹೋದುವು ಅಂದ್ರ ಒಲಿ ಹೋತು, ಗೋದೂ. ನಿಮ್ಮಪ್ಪ ಕೆಟ್ಟವಲ್ಲ, ಭಾಳ ಒಳ್ಳೆಯವ. ಅದಕ್ಕ ಹೆದರಿಕಿ. ಹೊತ್ತು ತಿಳೀತದ ಅಂತ ನಾ ಅಡಿಗಿ ಮಾಡತೀನಿ. ಬ್ಯಾಳಿ ಎಷ್ಟ ಹೊತ್ತು, ಅನ್ನ ಎಷ್ಟ ಹೊತ್ತು. ಮ್ಯಾಲಿನ ಬಳಿ ಹಿಡದ್ರ ಹನ್ನೆರಡು, ಗುಣಿ ಹಿಡದ್ರ ನಾಕು. ಅಲ್ಲಿಂದ ಎಣಸತೀನಿ. ಎಲಿ ಹಂಗಿದ್ದದ್ದು ತಾಸಿನ ಮುಳ್ಳು. ಅದನ್ನ ತಗದು ಕಾಜು ಮುಚ್ಚಿದ್ರ ನಾ ಆವತ್ತೇ ಕುಲ್ಡಿ."

ಕುಲ್ಡಿ ಅಂದರೆ ಕುರುಡಿ. ಆ ಶಬ್ದವನ್ನು ಆಕೆಯ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ವಹಿಯಲ್ಲಿ ಇದನ್ನು ಬರೆಯಬೇಡ ಎಂದಳು. ಆಗಲಿ ಎಂದೆ. ಒಳಗೆ ಹೋಗಿ ವಹಿಯ ಹಿಂದಿನ ಪುಟಗಳನ್ನು ತಿರುವಿದೆ. ಒಂದು ವರ್ಷದ ಲೆಕ್ಕ ಕೂಡಿಸಿದೆ. ಒಡೆದದ್ದು: ಅವ್ವನಿಂದ ಎರಡು, ನನ್ನಿಂದ ಐದು, ಆಯಿಯಿಂದ ಸೊನ್ನೆ. ಉಕ್ಕಿದ ಹಾಲು: ಅವ್ವ ಆರು ಸಲ, ಆಯಿ ಸೊನ್ನೆ. ಸುಟ್ಟ ಕೈ: ಅವ್ವ ನಾಲ್ಕು, ನಾನು ಮೂರು, ಆಯಿ ಸೊನ್ನೆ. ಇಷ್ಟು ದಿನ ಆ ಸೊನ್ನೆಗಳನ್ನು ನಾನು ಏನೂ ನಡೆಯಲಿಲ್ಲ ಎಂಬ ಅರ್ಥದಲ್ಲಿ ಬರೆಯುತ್ತ ಬಂದಿದ್ದೆ. ಅಂದು ಅವು ಒಂದೊಂದೂ ಒಂದು ಇಡೀ ದಿನದ ಎಚ್ಚರವಾಗಿ ಕಂಡವು. ಆ ಪುಟದ ಮುಂದೆ ನಾನು ದೇವರ ಮುಂದೆ ಕೂತ ಹಾಗೆ ಕೂತಿದ್ದೆ.

ಗುರುವಾರ ಅವ್ವನಿಗೆ ಗುಡಿಗೆ ಎಂದು ಹೇಳಿ ಆಯಿಯೂ ನಾನೂ ಬುಧವಾರ ಪೇಠೆಗೆ ಹೋದೆವು. ದಾರಿಯುದ್ದಕ್ಕೂ ಆಕೆಯ ಕೈ ನನ್ನ ಹೆಗಲ ಮೇಲಿತ್ತು. ನೋಡಿದವರಿಗೆ ಮೊಮ್ಮಗಳ ಮೇಲಿನ ಮಮತೆ. ನಾನಾ ಆಗಲೇ ಗಡಿಯಾರವನ್ನು ತೊಳೆದು ಜೋಡಿಸಿದ್ದರು. ಹೊಸ ಮುಖವನ್ನು ಇನ್ನೂ ಹಚ್ಚಿರಲಿಲ್ಲ. ಹಳೆಯದು ಮಣೆಯ ಮೇಲೆ ಇತ್ತು. ಆಯಿ ತನ್ನ ಮರಾಠಿಯನ್ನು ಒಟ್ಟುಗೂಡಿಸಿಕೊಂಡು ಗಂಭೀರವಾಗಿ ಹೇಳಿದಳು:

"ನಾನಾ, ಜುನಂಚ ಲಾವಾ. ನಾಕಾಜವಳ ಫುಟಲಂ ಆಹೆ ನಾ, ತೆ ತಸಂಚ ರಾಹೂ ದ್ಯಾ."

ಹಳೆಯದನ್ನೇ ಹಚ್ಚಿ, ನಾಕರ ಹತ್ತಿರ ಒಡೆದದ್ದನ್ನು ಹಾಗೆಯೇ ಇರಗೊಡಿ ಎಂಬುದು ಆಕೆಯ ಮಾತು. ಉಳಿದದ್ದೆಲ್ಲ ಮರಾಠಿ, ನಾಕು ಮಾತ್ರ ಕನ್ನಡದ್ದು. ಆದರೆ ಮರಾಠಿಯಲ್ಲಿ ನಾಕ ಎಂದರೆ ಮೂಗು. ನಾನಾ ತಮ್ಮ ಮೂಗನ್ನು ಮುಟ್ಟಿಕೊಂಡರು.

"ಆಜೀ, ಘಡ್ಯಾಳಾಲಾ ನಾಕ ಕುಠಲಂ?" ಗಡಿಯಾರಕ್ಕೆ ಎಲ್ಲಿಯ ಮೂಗು, ಅಜ್ಜೀ?

ಪಕ್ಕದ ಬಳೆ ಅಂಗಡಿಯವನೂ ನಕ್ಕ. ಆಯಿಗೆ ಸಿಟ್ಟು ಬಂತು. ಗಡಿಯಾರದಲ್ಲಿ ನಾಕೇ ಇಲ್ಲ ಎಂದು ಇವನು ವಾದಿಸುತ್ತಿದ್ದಾನೆ ಎಂದು ತಿಳಿದುಕೊಂಡಳು. "ನಾಕ ಇಲ್ಲಂತ ಹೆಂಗಂತೀರಿ? ಕೊಡ್ರಿ ಇಲ್ಲೆ!" ಎಂದು ಕನ್ನಡದಲ್ಲಿಯೇ ಗದರಿಸಿ ಕೈ ಚಾಚಿದಳು. ನಾನಾ ಹಳೆಯ ಮುಖವನ್ನು ಆಕೆಯ ಅಂಗೈಯಲ್ಲಿ ಇಟ್ಟರು. ಆಯಿ ತೋರುಬೆರಳಿನಿಂದ ಅದರ ಅಂಚನ್ನು ಒಮ್ಮೆ ಸುತ್ತಿ ಸೀದಾ ಗುಣಿಯ ಮೇಲೆ ನಿಲ್ಲಿಸಿದಳು. "ಹಾ ಬಗಾ, ನಾಕ!" ಇಗೋ ನೋಡಿ ನಾಕು!

ನಾನಾ ನಗುವುದನ್ನು ನಿಲ್ಲಿಸಿದರು. ಆ ಮುಖವನ್ನು ಗಡಿಯಾರಕ್ಕೆ ಕೂರಿಸಿ, ಹಳೆಯ ಮುಳ್ಳುಗಳನ್ನು ಸಿಕ್ಕಿಸಿ, ಮನಸ್ಸಿಗೆ ಬಂದ ಹಾಗೆ ತಿರುಗಿಸಿ ಆಯಿಯ ಕೈಗೆ ಕೊಟ್ಟರು. ಆಕೆಯ ಬೆರಳು ಗುಬ್ಬಿಯ ಹೆಜ್ಜೆಯಷ್ಟು ಹಗುರಾಗಿ ಇಳಿಯಿತು. "ಎಂಟಕ್ಕ ಹನ್ನೆರಡು ಕಮ್ಮಿ." ನಾನು ಮರಾಠಿಯಲ್ಲಿ ಹೇಳಿದೆ. ಮತ್ತೆ ತಿರುಗಿಸಿದರು. "ಎರಡೂ ಇಪ್ಪತ್ತು." ಮತ್ತೆ. "ಐದಕ್ಕ ಮೂರ ನಿಮಿಷ ಅದ. ಆಟ ಸಾಕ ಮಾಡ್ರಿ ನಾನಾ, ಮನಿಗೆ ಹೋಗಬೇಕು." ಮೂರು ಸಲ ಕೇಳಿದ್ದು, ಮೂರೂ ಸರಿ. ನಾನಾ ಎರಡೂ ಕೈ ಜೋಡಿಸಿದರು. ಆಯಿಗೆ ಅದು ಕಾಣಲಿಲ್ಲ, ನಾನು ಕಂಡೆ. ಆಮೇಲೆ ಅವರು ಹೇಳಿದ್ದಿಷ್ಟು: ಹಳೆಯದು ಒಂದೂ ಬದಲಾಗುವುದಿಲ್ಲ, ಸೊಟ್ಟ ಮುಳ್ಳನ್ನೂ ನೆಟ್ಟಗೆ ಮಾಡುವುದಿಲ್ಲ, ಮೂರು ತಿಂಗಳಿಗೊಮ್ಮೆ ತಂದರೆ ಹಿಟ್ಟು ತೆಗೆದುಕೊಡುತ್ತೇನೆ. ಆದರೆ ಗಿರಾಕಿ ನಿಮ್ಮ ಮಗ. ಅವರು ಕೇಳಿದರೆ ಏನು ಹೇಳಲಿ?

"ಸುಳ್ಳು ಹೇಳಬ್ಯಾಡ್ರಿ," ಎಂದಳು ಆಯಿ. "ಕೇಳಿದ್ರ ಹೇಳ್ರಿ."

ಶನಿವಾರ ಆಫೀಸಿನಿಂದ ಬರುವಾಗ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ಅದೇ ಒಡಕು ಮುಖದಿಂದ. ಅಪ್ಪನ ಮೋರೆ ಕೆಂಪಾಯಿತು. ನಾನು ಹೇಳಿದ್ದೇನು, ನೀವು ಮಾಡಿದ್ದೇನು ಎಂದು ಮರಾಠಿಯಲ್ಲಿ ಏರುದನಿಯಲ್ಲಿ ಕೇಳಿದರು. ನಾನಾ ತಮ್ಮ ಭೂತಗನ್ನಡಿಯನ್ನು ಅಪ್ಪನ ಕೈಗಿತ್ತರು. ಮುಳ್ಳಿನ ಸವೆದ ತುದಿ ತೋರಿಸಿದರು. ಗುಣಿಯ ನುಣುಪು ತೋರಿಸಿದರು. ಕೊನೆಗೆ ಒಂದು ಕಾಗದದ ಪೊಟ್ಟಣ ಬಿಚ್ಚಿ ಒಳಗಿನ ಹಿಟ್ಟು ತೋರಿಸಿದರು. ಅಪ್ಪ ಕನ್ನಡಿಯನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. ಹಾಗೆಯೇ ಬಾಗಿಕೊಂಡು ನನ್ನನ್ನು ಕೇಳಿದರು:

"ಎಷ್ಟ ದಿವಸದಿಂದ?"

"ಮೂರು ವರ್ಷ ಆತಂತ."

"ಒಲಿ ಮುಂದ ಸುಟಗೊಂಡಾಳೇನು?"

"ಇಲ್ಲಪ್ಪಾ. ವರ್ಷದ್ದು ಕೂಡಸೇನಿ. ಸೊನ್ನಿ ಅದ. ಉಕ್ಕಿದ್ದು ಸೊನ್ನಿ, ಒಡದದ್ದು ಸೊನ್ನಿ."

ಅಪ್ಪ ವಹಿ ಕೇಳಿದರು. ಕಟ್ಟೆಯ ಮೇಲೆ ನಿಂತೇ ಆ ಪುಟ ಓದಿದರು, ಆಫೀಸಿನ ಕಾಗದ ಓದುವ ಹಾಗೆ, ಮೇಲಿನಿಂದ ಕೆಳಗೆ, ಬೆರಳಿಟ್ಟು. ಮುಚ್ಚಿ ನನ್ನ ಕೈಗೆ ಕೊಟ್ಟರು. ಮನೆ ಮುಟ್ಟುವವರೆಗೆ ದಾಪುಗಾಲು ಹಾಕಿ ನಡೆದರು. ಆಕೆಯ ಅಕ್ಕನ ಹಾಗೆ ಆಯಿಯನ್ನೂ ಮೂಲೆಯಲ್ಲಿ ಕೂರಿಸುವ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾನು ಅವರ ಹಿಂದೆ ಓಡುನಡಿಗೆಯಲ್ಲಿ ಬರುತ್ತಿದ್ದೆ. ಹೊಸ ಮುಖ ಎಲ್ಲಿ ಎಂದು ಅವ್ವ ಕೇಳಿದಳು.

"ಹೊಸಾದು ಇದಕ್ಕ ಕೂಡಲಿಲ್ಲ," ಎಂದರು ಅಪ್ಪ.

ಮರುದಿನ ರವಿವಾರ. ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ ಮಡಿ ಪಂಚೆ ಉಟ್ಟು, ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೊಳೆ ಹಿಡಿದು ಅಡಿಗೆಮನೆಗೆ ಬಂದರು. ಅವರು ಅಲ್ಲಿಗೆ ಕಾಲಿಡುತ್ತಿದ್ದುದು ಹಬ್ಬಹರಿದಿನಗಳಲ್ಲಿ ಮಾತ್ರ. ಗಡಿಯಾರ ಗೂಡಿನಲ್ಲಿದ್ದರೆ ಇಲಿ ಬೀಳಿಸೀತು ಎಂದು ಯಾರೂ ಕೇಳದಿದ್ದರೂ ಹೇಳಿದರು. ಒಲೆಯ ಪಕ್ಕದ ಮಸಿ ಹಿಡಿದ ಗೋಡೆಯ ಮುಂದೆ ನಿಂತು, ತಮ್ಮ ಕಣ್ಣಿನ ಎತ್ತರಕ್ಕೆ ಮೊಳೆ ಇಟ್ಟು ಎರಡು ಏಟು ಹೊಡೆದರು. ಆಯಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಭಕ್ರಿ ತಟ್ಟುತ್ತಿದ್ದಳು. ತಲೆ ತಿರುಗಿಸಲಿಲ್ಲ.

"ಅಷ್ಟ ಮ್ಯಾಲ ಯಾರಿಗೆ ಹೊಡೀಲಿಕ್ಕತ್ತೀಪಾ? ನಿನಗೋ, ನನಗೋ?"

ಸುತ್ತಿಗೆ ನಿಂತಿತು. ಅವ್ವ ನನ್ನನ್ನು ನೋಡಿದಳು, ನಾನು ನೆಲವನ್ನು ನೋಡಿದೆ. ಅಪ್ಪ ಹೊಡೆದ ಮೊಳೆಯನ್ನು ಕಿತ್ತರು.

"ಎಲ್ಲೆ ಹೊಡೀಲಿ, ಅವ್ವಾ?"

ಆಯಿ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಮೂರು ಹೆಜ್ಜೆ ಇಟ್ಟಳು, ಎಣಿಸಿಟ್ಟ ಹಾಗೆ ಮೂರೇ. ಹಿಟ್ಟು ಹತ್ತಿದ ಅಂಗೈಯನ್ನು ಕಪ್ಪು ಗೋಡೆಯ ಮೇಲೆ ತನಗೆ ಸಲೀಸಾಗಿ ತಾಗುವಲ್ಲಿ ಒತ್ತಿ, "ಇಲ್ಲೆ," ಎಂದು ಹೇಳಿ ತಿರುಗಿ ಹೋಗಿ ಕೂತಳು. ಅಪ್ಪ ಆ ಬಿಳಿಯ ಕೈಯಚ್ಚಿನ ನಡುವೆ ಮೊಳೆ ಇಟ್ಟು ಹೊಡೆದರು.